ಗೋಪುರದಲ್ಲಿ ಅಪ್ಪ, ಬಲೆಯ ಬಳಿ ನಾನು

ಹಕ್ಕಿಯನ್ನು ಹಿಡಿಯುವಾಗ ಅದರ ಕತ್ತು ತೋರುಬೆರಳು ಮತ್ತು ನಡುಬೆರಳಿನ ನಡುವೆ ಬರಬೇಕು. ಬೆನ್ನು ಅಂಗೈಗೆ ಒರಗಬೇಕು. ಉಳಿದ ಬೆರಳುಗಳು ಸಡಿಲವಾಗಿ ಸುತ್ತಿಕೊಂಡಿರಬೇಕು. ಹೆಬ್ಬೆರಳಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಎಲ್ಲ ಕೆಲಸವೂ ಹೆಬ್ಬೆರಳಿನದೇ ಆಗಿತ್ತು. ಅಪ್ಪ ಬಲೆಯಿಂದ ಹಕ್ಕಿಯನ್ನು ಬಿಡಿಸಿ, ಎದೆಯ ಮೇಲೆ ಹೆಬ್ಬೆರಳಿಟ್ಟು ಒಮ್ಮೆ ಒತ್ತುತ್ತಿದ್ದ, ಅಷ್ಟೆ. ಸದ್ದಿಲ್ಲ, ರಕ್ತವಿಲ್ಲ. ನಾನು ಚಿಕ್ಕವಳಿದ್ದಾಗ ನನ್ನ ಕೈಹಿಡಿದು ಅದನ್ನು ಕಲಿಸಿದ್ದ. ದೊಡ್ಡವಳಾದ ಮೇಲೆ ಅದನ್ನು ಮರೆಯುವುದಕ್ಕೆ ನಾನು ಎರಡು ವರ್ಷ ತರಬೇತಿ ಪಡೆಯಬೇಕಾಯಿತು.

ಆ ಬೆಳಿಗ್ಗೆ ನನ್ನ ಪರೀಕ್ಷೆ ಇತ್ತು. ಪಾಸಾದರೆ, ಹಕ್ಕಿಗಳ ಪಯಣದ ಜಾಡು ತಿಳಿಯಲು ಅವುಗಳ ಕಾಲಿಗೆ ಉಂಗುರ ತೊಡಿಸಿ ಬಿಡುವ ಪರವಾನಗಿ ನನ್ನ ಹೆಸರಿಗೆ ಬರುತ್ತಿತ್ತು. ಆಗದಿದ್ದರೆ ನಮ್ಮ ರೊಕ್ಕೊಲೊ ಸೌದೆಯಾಗುತ್ತಿತ್ತು.

ರೊಕ್ಕೊಲೊ ಎಂದರೆ ಮರಗಳಿಂದ ಕಟ್ಟಿದ ಬಲೆಮನೆ. ಬೆರ್ಗಮೊ ಪಟ್ಟಣದ ಮೇಲಿನ ಕಣಿವೆಗಳಲ್ಲಿ ಒಂದು ಕಾಲಕ್ಕೆ ಪ್ರತಿ ಊರಿಗೂ ಒಂದೆರಡು ಇರುತ್ತಿದ್ದವು. ನಮ್ಮದು ಊರ ಗೋಮಾಳದ ಮೇಲಂಚಿನಲ್ಲಿ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿದೆ. ಕುದುರೆ ಲಾಳದ ಆಕಾರದಲ್ಲಿ ಎರಡು ಸಾಲು ಕಾರ್ಪಿನೊ ಮರಗಳು, ಸಾಲುಗಳ ನಡುವೆ ಒಬ್ಬರು ನಡೆಯುವಷ್ಟು ಓಣಿ, ಆ ಓಣಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಇಳಿಬಿಟ್ಟ ಬಲೆ. ಲಾಳದ ಒಳಗೆ ಕೆಂಪು ಹಣ್ಣು ಬಿಡುವ ಗಿಡಗಳಿವೆ. ದೂರದಿಂದ ಬರುವ ಹಕ್ಕಿಗಳು ದಣಿದು ಅಲ್ಲಿ ಇಳಿಯುತ್ತವೆ. ಲಾಳದ ಬಾಯಿಯ ಎದುರಿಗೆ ಬಳ್ಳಿ ಹಬ್ಬಿಕೊಂಡ ಕಲ್ಲಿನ ಗೋಪುರ. ಅದರ ಕಿಟಕಿಯಲ್ಲಿ ಅಪ್ಪ ಕೂರುತ್ತಾನೆ, ಕೈಯಲ್ಲಿ ಕಡ್ಡಿಯಿಂದ ಹೆಣೆದ ಬೀಸಣಿಗೆ ಹಿಡಿದು. ಹಕ್ಕಿಗಳು ಕೂತ ಮೇಲೆ ಸಿಳ್ಳೆ ಹಾಕಿ ಬೀಸಣಿಗೆಯನ್ನು ಅವುಗಳ ತಲೆಯ ಮೇಲೆ ಎಸೆಯುತ್ತಾನೆ. ಗಿಡುಗ ಎರಗಿತೆಂದು ಹಕ್ಕಿಗಳು ನೆಲಕ್ಕೆ ತಗ್ಗಿ ಮರಗಳ ಸಂದಿಗೆ ನುಗ್ಗುತ್ತವೆ. ಸಂದಿಯಲ್ಲಿ ಬಲೆ ಇರುತ್ತದೆ.

ಮರಗಳು ನನ್ನ ಮುತ್ತಜ್ಜ ನೆಟ್ಟವು, ನೆಲ ಊರಿನದು. ಹಕ್ಕಿ ಹಿಡಿಯುವುದನ್ನು ಸರ್ಕಾರ ನಿಲ್ಲಿಸಿದ ಮೇಲೂ ಅಪ್ಪ ಪ್ರತಿ ಚಳಿಗಾಲ ಏಣಿ ಹಾಕಿ ಕಾರ್ಪಿನೊಗಳನ್ನು ಸವರುತ್ತಿದ್ದ. ಯಾಕೆಂದು ಯಾರೂ ಕೇಳಲಿಲ್ಲ. ಆಮೇಲೆ ಪಟ್ಟಣದ ಮುದುಕರೊಬ್ಬರು ಬಂದು ಉಂಗುರ ತೊಡಿಸುವ ಕೆಲಸ ಶುರುಮಾಡಿದರು. ಅಂಗಿಗುಂಡಿ ಮಾಡುವ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ನಾನು ಅವರ ಕೈಕೆಳಗೆ ಕಲಿತೆ. ಈ ವರ್ಷ ಅವರ ಮೊಣಕಾಲು ಕೈಕೊಟ್ಟಿತು. ಇನ್ನು ಬೆಟ್ಟ ಹತ್ತಲಾರೆ ಎಂದುಬಿಟ್ಟರು. ಗೋಮಾಳದ ಹಕ್ಕುದಾರರ ಸಭೆ ಸೇರಿತು. ಊರಿನವರೇ ಯಾರಾದರೂ ಶರತ್ಕಾಲದ ಕೊನೆಗೆ ಬರುವ ಸಂತ ಮಾರ್ಟಿನ್ ಹಬ್ಬದೊಳಗೆ ಪರವಾನಗಿ ತಂದು ತೋರಿಸಿದರೆ ಸರಿ, ಇಲ್ಲದಿದ್ದರೆ ಮರಗಳನ್ನು ಕಡಿದು ಈ ವರ್ಷದ ಸೌದೆಪಾಲಿಗೆ ಸೇರಿಸುವುದು ಎಂದು ತೀರ್ಮಾನವಾಯಿತು. ನಮ್ಮಲ್ಲಿ ಆ ಹಬ್ಬದ ದಿನ ಚೀಟಿ ಎತ್ತಿ ಒಲೆಗೊಂದು ಪಾಲು ಸೌದೆ ಹಂಚುತ್ತಾರೆ. ಚೀಟಿ ಎತ್ತಿಸುವವನು ಹಕ್ಕುದಾರರ ಮುಖ್ಯಸ್ಥ ಫೆರ್ಮೊ. ಹಸು ಮೇಯಿಸುವವನು, ಅಪ್ಪನ ಜೊತೆ ಬಾಲ್ಯದಿಂದ ಜಗಳವಾಡುತ್ತ ಬೆಳೆದವನು.

ಇನ್ನೂ ಕತ್ತಲಿರುವಾಗಲೇ ಬಲೆಗಳನ್ನು ಬಿಡಿಸುತ್ತಿದ್ದೆ. ಕೆಳಗಿನಿಂದ ಗಂಟೆಗಳ ಸದ್ದು, ಆಮೇಲೆ ಹಸುಗಳ ಬಿಸಿ ವಾಸನೆ, ಆಮೇಲೆ ಫೆರ್ಮೊ.

"ಏನೇ ಓರ್ಸೊಲಾ, ಇವತ್ತು ಪರೀಕ್ಷೆಯಂತೆ?"

"ಹೂಂ ಮಾವ."

"ಹಕ್ಕಿಗಳೂ ಓದ್ಕೊಂಡು ಬಂದಿದಾವೋ ಹೇಗೆ?"

"ನಿನ್ನ ಹಸುಗಳಿಗಿಂತ ಚೆನ್ನಾಗಿ ಓದಿರ್ತಾವೆ. ಅವನ್ನ ಬಲೆ ಹತ್ರ ಬಿಡ್ಬೇಡ."

ಫೆರ್ಮೊ ಓಣಿಯ ಮೊದಲ ಮರದ ಕಾಂಡಕ್ಕೆ ಎರಡೂ ಕೈ ಸುತ್ತಿ ನೋಡಿದ. ಬೆರಳ ತುದಿಗಳು ಒಂದಕ್ಕೊಂದು ತಾಕಲಿಲ್ಲ.

"ಕಾರ್ಪಿನೊ ಸೌದೆ ಅಂದ್ರೆ ಸುಮ್ನೆ ಅಲ್ಲ ಕಣೇ. ಒಂದು ಕೊರಡು ಒಲೆಗಿಟ್ರೆ ಬೆಳಗಿನವರೆಗೂ ಕೆಂಡ ಆರಲ್ಲ. ನಾನು ಕೆಟ್ಟ ಮನಸ್ಸಿಂದ ಹೇಳ್ತಿಲ್ಲ. ಇದ್ದದ್ದು ಹೇಳ್ದೆ."

ಗೋಪುರದ ಕಿಟಕಿಯಿಂದ ಅಪ್ಪನ ಧ್ವನಿ ಬಂತು. "ಲೋ ಫೆರ್ಮೊ, ಮರದ ಮೇಲಿಂದ ಕೈ ತೆಗಿಯೋ. ಅಪ್ಕೊಳ್ಳೋ ಚಟ ಇದ್ರೆ ಹೋಗಿ ಹಸುನ ಅಪ್ಕೋ."

"ನೀನು ಇನ್ನೂ ಬದುಕಿದೀಯೇನೋ ಚೆಲ್ಸೊ? ಇಷ್ಟು ಚಳೀಲಿ?"

"ನಿನ್ನ ಸೌದೆ ಪಾಲು ಉರಿಯೋದು ನೋಡ್ಕೊಂಡೇ ಸಾಯೋದು ನಾನು. ಹಸಿ ಸೌದೆ. ಬರೀ ಹೊಗೆ."

ಅಪ್ಪ ಅಷ್ಟು ಮಾತಾಡಿದ್ದೇ ಹೆಚ್ಚು. ಬೆಳಕು ಹರಿದ ಮೇಲೆ ಗೋಪುರದಿಂದ ಮಾತಿಲ್ಲ. ಗೋಪುರದಲ್ಲಿರುವವನಿಗೆ ಕೆಳಗಿನವರು ಏನನ್ನೂ ಹೇಳುವಂತೆಯೂ ಇಲ್ಲ. ಯಾವಾಗ ಎಸೆಯಬೇಕು, ಎಷ್ಟು ಹಕ್ಕಿ ಕೂತ ಮೇಲೆ ಎಸೆಯಬೇಕು, ಅದು ಅವನೊಬ್ಬನ ಲೆಕ್ಕ. ಮಗನಾಗಲಿ ಪಾದ್ರಿಯಾಗಲಿ ಅದರಲ್ಲಿ ಬಾಯಿ ಹಾಕುವಂತಿಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಆದರೆ ಮುರಿದವರನ್ನು ನಾನು ಕಂಡಿಲ್ಲ.

ತುಲ್ಲಿಯಾ ಬಂದದ್ದು ಬೆಳಕು ಬಿಟ್ಟ ಹೊತ್ತಿಗೆ. ಸರೋವರದ ಕಡೆಯ ಸಂಶೋಧನಾ ಕೇಂದ್ರದಿಂದ ಬಂದ ಪರೀಕ್ಷಕಿ, ನರೆತ ಜಡೆ, ಕೆಸರು ಮೆತ್ತಿದ ಬೂಟು, ಬೆನ್ನಿಗೆ ತಾವೇ ಹೊತ್ತು ತಂದ ಮಡಿಸುವ ಕುರ್ಚಿ. ಕಾಫಿ ಬೇಡ ಅಂದರು. ಅಪ್ಪನ ಸೀಸೆಯಿಂದ ಅದಕ್ಕೆ ಬೆರೆಸಬಹುದಾದ ಗ್ರಾಪ್ಪಾ ಸಾರಾಯಿ ಕೂಡ ಬೇಡ ಅಂದರು. ಕುರ್ಚಿ ಬಿಡಿಸಿ ನನ್ನ ಮೇಜಿನ ಪಕ್ಕ ಕೂತರು.

"ಇವತ್ತು ಇಲ್ಲಿ ಯಜಮಾನಿ ನೀನು," ಅಂದರು. "ಯಾವಾಗ ಬಲೆ ಮುಚ್ಬೇಕು, ಯಾವ ಹಕ್ಕಿ ಮೊದಲು, ಯಾರು ಏನು ಮಾಡ್ಬೇಕು, ಎಲ್ಲಾ ನೀನೇ ಹೇಳ್ಬೇಕು. ನಾನು ನೋಡ್ತಾ ಇರ್ತೀನಿ, ಬರ್ಕೊಳ್ತೀನಿ. ಒಂದು ಹಕ್ಕಿ ಸತ್ರೂ ಸಹಿ ಹಾಕಲ್ಲ. ಗೊತ್ತಲ್ಲ?"

"ಗೊತ್ತು."

"ಮೇಲಿರೋದು ನಿಮ್ಮ ತಂದೆಯಾ?"

"ಹೌದು. ಬೀಸಣಿಗೆ ಎಸೆಯೋದು ಅವ್ನೇ."

"ಹಕ್ಕಿ ಮುಟ್ಟೋದಿಲ್ಲ ತಾನೇ?"

"ಇಲ್ಲ ಸಿನ್ಯೋರಾ."

ಮೊದಲು ಬಂದದ್ದು ಒಂದು ಕೆಂಪೆದೆ ಹಕ್ಕಿ. ಶರತ್ಕಾಲದಲ್ಲಿ ಯಾವಾಗಲೂ ಮೊದಲು ಬರುವುದು ಅದೇ, ಬಲೆಗೆ ತಾನೇ ನಡೆದುಕೊಂಡು ಬಂದಂತೆ. ಕಾಲು ಬಿಡಿಸಿದೆ, ರೆಕ್ಕೆ ಬಿಡಿಸಿದೆ, ತಲೆ ಬಿಡಿಸಿದೆ, ಬಟ್ಟೆ ಚೀಲಕ್ಕೆ ಹಾಕಿದೆ. ಮೇಜಿನ ಮೇಲೆ ಇಕ್ಕಳದಿಂದ ಉಂಗುರ ಮುಚ್ಚಿದೆ. ರೆಕ್ಕೆಯನ್ನು ಅಳೆದೆ. ಎದೆಯ ಗರಿಗಳ ಮೇಲೆ ಮೆಲ್ಲಗೆ ಊದಿದೆ. ಗರಿ ಸರಿದು ಕೆಳಗಿನ ತೆಳು ಚರ್ಮ ಕಂಡಿತು, ಗಂಟಲ ಗುಳಿಯಲ್ಲಿ ಹಳದಿ ಕೊಬ್ಬು. ಸಮುದ್ರ ದಾಟುವ ಮುಂಚೆ ಹಕ್ಕಿ ಎಷ್ಟು ಕೊಬ್ಬು ಕೂಡಿಟ್ಟಿದೆ ಎಂದು ತಿಳಿಯಲು ಹೀಗೆ ಊದುತ್ತಾರೆ. ಅಪ್ಪನೂ ಹೀಗೆಯೇ ಊದುತ್ತಿದ್ದ, ಹುರಿದು ಪೊಲೆಂತಾದ, ಅಂದರೆ ಮೆಕ್ಕೆಜೋಳದ ಮುದ್ದೆಯ, ಮೇಲೆ ಇಟ್ಟರೆ ಎಷ್ಟು ಸೊಗಸಾಗಿ ಕೂರುತ್ತದೆ ಎಂದು ನೋಡುವುದಕ್ಕೆ. ತುಟಿಗಳ ಆಕಾರ ಒಂದೇ.

"ಕೊಬ್ಬಿನ ಅಂಕ ಮೂರು," ಅಂದೆ.

ತುಲ್ಲಿಯಾ ಬಾಗಿ ನೋಡಿ ಬರೆದುಕೊಂಡರು. ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಹಕ್ಕಿಯನ್ನು ಬಿಟ್ಟೆ. ಅದು ಹತ್ತಿರದ ಪೊದೆಗೆ ಹೋಗಿ ಕೂತು ನನಗೆ ಟಿಕ್ ಟಿಕ್ ಎಂದು ಬೈಯತೊಡಗಿತು.

ಆಮೇಲೆ ಇನ್ನೊಂದು ಕೆಂಪೆದೆ, ಎರಡು ಕರಿತಲೆಯವು, ನಾಣ್ಯದಷ್ಟೇ ತೂಕದ ಒಂದು ಪುಟಾಣಿ ಹಕ್ಕಿ. ಎಲ್ಲವೂ ತಾವಾಗಿ ಬಲೆಗೆ ಬಂದವು. ಅಪ್ಪ ಎಸೆಯುವಷ್ಟು ದೊಡ್ಡ ಗುಂಪು ಇನ್ನೂ ಬಂದಿರಲಿಲ್ಲ. ಕೆಲಸ ಚೆನ್ನಾಗಿಯೇ ಸಾಗುತ್ತಿತ್ತು. ಗುಂಡಿ ಕಾರ್ಖಾನೆಯಲ್ಲಿ ಪಟ್ಟಿಯ ಮೇಲೆ ಓಡುವ ಗುಂಡಿಗಳಲ್ಲಿ ಒಡಕಿನದನ್ನು ಆರಿಸಿ ತೆಗೆಯುವುದು ನನ್ನ ಕೆಲಸ. ಬೆರಳುಗಳಿಗೆ ಅವಸರವಿಲ್ಲದೆ ಬೇಗ ಓಡಾಡುವುದು ಗೊತ್ತು.

ಫೆರ್ಮೊ ಹಸುಗಳನ್ನು ಇಳಿಜಾರಿಗೆ ಬಿಟ್ಟು, ಬೇಲಿಯ ಕಂಬಕ್ಕೆ ಒರಗಿ, ಚೀಸು ಕೊಯ್ದು ತಿನ್ನುತ್ತ ನಮ್ಮನ್ನೇ ನೋಡುತ್ತಿದ್ದ.

"ಇಷ್ಟಕ್ಕಾ ಇಷ್ಟು ದೊಡ್ಡ ಬಲೆ?" ಎಂದು ಕೂಗಿದ. "ನಮ್ಮನೆ ಬೆಕ್ಕು ಇದಕ್ಕಿಂತ ಹೆಚ್ಚು ತರತ್ತೆ."

ಆಗ ಪೆಪ್ಪೊಲಾಗಳು ಬಂದವು.

ಪೆಪ್ಪೊಲಾ ಉತ್ತರದಿಂದ ಬರುವ ಹಕ್ಕಿ, ಗುಬ್ಬಿಯಷ್ಟು ದೊಡ್ಡದು, ಕಿತ್ತಳೆ ಬಣ್ಣದ ಎದೆ. ಒಂಟಿಯಾಗಿ ಬರುವುದಿಲ್ಲ. ಮೊದಲು ಮೂಗಿನಿಂದ ಕೂಗಿದಂಥ ಸದ್ದು ಬಂತು, ಹಳೆಯ ಬಾಗಿಲುಗಳು ಒಟ್ಟಿಗೆ ಕಿರುಗುಟ್ಟಿದ ಹಾಗೆ. ಗುಡ್ಡದ ಹಿಂದಿನಿಂದ ಗುಂಪು ಎದ್ದು ಬಂದು ರೊಕ್ಕೊಲೊದ ಮೇಲೆ ಒಂದು ಸುತ್ತು ಹಾಕಿತು. ಮುಂದಿನವು ಇಳಿದವು. ಹತ್ತು, ಹದಿನೈದು, ಹಣ್ಣಿನ ಗಿಡದ ಮೇಲೆ.

ನನ್ನ ಕೈಯಲ್ಲಿ ಒಂದು ಕರಿತಲೆ ಇತ್ತು. ಈಗ ಎಸೆಯುತ್ತಾನೆ ಅಂದುಕೊಂಡೆ. ಇಷ್ಟಾದರೆ ಸರಿ, ಇಷ್ಟನ್ನು ಸಾಲಾಗಿ ಚೀಲದಲ್ಲಿ ತೂಗುಹಾಕಿ ಒಂದೊಂದಾಗಿ ಮುಗಿಸಬಹುದು.

ಅಪ್ಪ ಎಸೆಯಲಿಲ್ಲ. ಇನ್ನಷ್ಟು ಇಳಿದವು. ಕೊಂಬೆಗಳು ಬಾಗಿದವು. ಕೆಳಗೆ ನೆಲದ ಎಲೆರಾಶಿಯಲ್ಲಿಯೂ ಕಿತ್ತಳೆ ಬಣ್ಣ ಹರಿದಾಡತೊಡಗಿತು. ಅಪ್ಪ ಯಾಕೆ ಕಾಯುತ್ತಿದ್ದಾನೆ ಎಂದು ನನಗೆ ಆಗ ಅರ್ಥವಾಯಿತು. ಅವನಿಗೆ ಆ ಕಿಟಕಿಯಲ್ಲಿ ಬೇರೆ ಯಾವ ರೀತಿ ಕೂರುವುದೂ ಗೊತ್ತಿರಲಿಲ್ಲ. ಕೊನೆಯ ಹಕ್ಕಿಯ ಕಾಲು ಕೊಂಬೆಗೆ ತಾಗುವವರೆಗೆ ಉಸಿರು ಬಿಗಿಹಿಡಿಯುವವನೇ ಒಳ್ಳೆಯ ಹಿಡಿಯುವವ. ಅವನ ಅಪ್ಪ ಹಾಗಿದ್ದ, ಅಜ್ಜ ಹಾಗಿದ್ದ. ನಾನು ಎದ್ದು ನಿಂತೆ, ಬಾಯಿ ತೆರೆದೆ. ಮಾತು ಬರಲಿಲ್ಲ.

ಸಿಳ್ಳೆ. ಬೀಸಣಿಗೆ ಗಾಳಿಯಲ್ಲಿ ಗಿರಕಿ ಹೊಡೆಯಿತು. ಇಡೀ ಗುಂಪು ಒಂದೇ ಮೈಯಾಗಿ ನೆಲಕ್ಕೆ ಬಿತ್ತು, ನೆಲದಿಂದ ಮರಗಳ ಸಂದಿಗೆ ನುಗ್ಗಿತು. ಬಲೆಯೇ ಒಮ್ಮೆಲೆ ಹಣ್ಣು ಬಿಟ್ಟ ಹಾಗಾಯಿತು.

"ಚೆಲ್ಸೊ!" ಫೆರ್ಮೊ ಚೀಸು ಬಿಸಾಡಿ ಎರಡೂ ಕೈ ಎತ್ತಿ ಕೂಗಿದ. "ಲೋ ಚೆಲ್ಸೊ! ನಿಮ್ಮಪ್ಪನೂ ಇಂಥದ್ದು ಹೊಡೆದಿರ್ಲಿಲ್ವಲ್ಲೋ!"

ಅಪ್ಪ ಕಿಟಕಿಯಿಂದ ತಲೆ ಹೊರಹಾಕಿದ. ಟೋಪಿ ತೆಗೆದಿದ್ದ. ಅವನ ಮುಖದಲ್ಲಿ ಅಂಥ ನಗೆಯನ್ನು ನಾನು ಅಮ್ಮ ಬದುಕಿದ್ದಾಗ ನೋಡಿದ್ದು.

ಕೈಯಲ್ಲಿದ್ದ ಕರಿತಲೆಯನ್ನು ಬಿಟ್ಟು ಬಲೆಯತ್ತ ಓಡಿದೆ. ನೂರಕ್ಕೂ ಹೆಚ್ಚಿದ್ದವು. ಒಂದನ್ನು ಬಿಡಿಸಲು ಒಂದು ನಿಮಿಷ ಬೇಕು, ನಾಲಿಗೆಗೆ ದಾರ ಸಿಕ್ಕಿಕೊಂಡಿದ್ದರೆ ಇನ್ನೂ ಹೆಚ್ಚು. ಅಷ್ಟರಲ್ಲಿ ನನ್ನ ಕೈಯ ಹಿಂಭಾಗಕ್ಕೆ ತಣ್ಣಗೆ ಏನೋ ತಾಗಿತು. ಇನ್ನೊಂದು ಹನಿ. ಗುಡ್ಡದ ನೆತ್ತಿ ಮಂಜಿನಲ್ಲಿ ಮುಚ್ಚಿಹೋಗಿತ್ತು. ಒದ್ದೆ ಬಲೆಯಲ್ಲಿ ನೇತಾಡುವ ಹಕ್ಕಿ ಬೇಗ ತಣ್ಣಗಾಗುತ್ತದೆ.

ನಾನು ತುಲ್ಲಿಯಾ ಕಡೆ ನೋಡಿದೆ. ಅವರು ಪೆನ್ನು ಹಿಡಿದುಕೊಂಡು ನನ್ನ ಕಡೆ ನೋಡುತ್ತಿದ್ದರು.

"ಉಂಗುರ ಬೇಡ," ಅಂದೆ. "ಅಳತೆ ಬೇಡ. ಎಲ್ಲಾನೂ ಬಿಡಿಸಿ ಹಾಗೇ ಬಿಟ್ಬಿಡೋದು."

ಅವರು ಪೆನ್ನು ಮೇಜಿನ ಮೇಲಿಟ್ಟು, ಅಂಗಿಯ ತೋಳು ಮೇಲೇರಿಸಿ, ಬಲೆಯ ಆಚೆ ತುದಿಗೆ ನಡೆದರು. ಹಕ್ಕಿ ಒದ್ದೆಯಾಗುತ್ತಿರುವಾಗ ಅವರೂ ಸುಮ್ಮನೆ ನೋಡುತ್ತ ಕೂರಲಿಲ್ಲ.

ಅಪ್ಪ ಗೋಪುರದಿಂದ ಓಡಿ ಬಂದಿದ್ದ. "ಬಿಡೋದಾ? ಎಲ್ಲಾನೂ?"

"ಎಲ್ಲಾನೂ."

"ಹುಚ್ಚು ಹಿಡಿದಿದೆಯೇನೇ? ಇಂಥದ್ದು ಜೀವಮಾನದಲ್ಲಿ ಒಂದು ಸಲ..."

"ಅಪ್ಪಾ, ಆಮೇಲೆ ಬೈಯಿ."

ಕಾಲು, ರೆಕ್ಕೆ, ತಲೆ. ಬಿಡು. ಕಾಲು, ರೆಕ್ಕೆ, ತಲೆ. ಬಿಡು. ಹನಿ ದಪ್ಪಗಾಯಿತು. ಫೆರ್ಮೊ ಬೇಲಿ ದಾಟಿ ಬಂದ. "ನಾನೂ ಕೈ ಹಾಕ್ಲಾ?" ಅಂದ. "ನಿನ್ನ ಕೈ ಕೆಚ್ಚಲಿಗೆ ಸರಿ ಮಾವ. ಗೋಪುರದೊಳಗೆ ತಾಡಪಾಲು ಇದೆ, ತಂದು ಬಲೆ ಮೇಲೆ ಹಿಡಿ," ಅಂದೆ. ಅವನು ಬೈದುಕೊಳ್ಳುತ್ತಲೇ ತಂದ. ಒಂದು ತುದಿಯನ್ನು ಕೊಂಬೆಗೆ ಕಟ್ಟಿ, ಇನ್ನೊಂದನ್ನು ತಲೆಯ ಮೇಲೆ ಎತ್ತಿ ಹಿಡಿದು, ಕಂಬದಂತೆ ನಿಂತ.

ಹಾಗಿದ್ದರೂ ಸಾಲುತ್ತಿರಲಿಲ್ಲ. ಇಬ್ಬರ ನಾಲ್ಕು ಕೈ, ಇನ್ನೂ ಮುಕ್ಕಾಲು ಬಲೆ. ಅಪ್ಪ ಓಣಿಯ ಬಾಯಲ್ಲಿ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ. ಈ ಕಣಿವೆಯಲ್ಲಿ ಬಲೆಯಿಂದ ಹಕ್ಕಿಯನ್ನು ಅವನಷ್ಟು ಬೇಗ ಬಿಡಿಸುವವರಿಲ್ಲ. ಬಿಡಿಸಿದ ಮೇಲೆ ಆ ಕೈ ಮಾಡುವ ಮುಂದಿನ ಕೆಲಸವೂ ಅಷ್ಟೇ ಬೇಗ.

"ಸಿನ್ಯೋರಾ," ಎಂದು ಬಲೆಯ ಉದ್ದಕ್ಕೂ ಕೇಳುವಂತೆ ಕೂಗಿದೆ, "ಅಪ್ಪನ್ನ ಕರೀಲಾ?"

"ಯಜಮಾನಿ ನೀನು," ಆಚೆಯಿಂದ ಉತ್ತರ ಬಂತು. "ಸತ್ರೆ ಅದು ನಿನ್ನ ಲೆಕ್ಕಕ್ಕೇ."

ನಾನು ಕೈಯಲ್ಲಿದ್ದುದನ್ನು ಬಿಟ್ಟೆ. "ಅಪ್ಪಾ, ಬಾ. ನನ್ನ ಪಕ್ಕ ನಿಂತ್ಕೋ. ಒಂದು ಮಾತು. ಪ್ರತಿ ಹಕ್ಕಿ ಬಿಡುವಾಗ ಬಾಯಿಬಿಟ್ಟು 'ಹೋಗು' ಅನ್ಬೇಕು. ನಂಗೆ ಕೇಳಿಸ್ಬೇಕು."

"ಹಕ್ಕಿಗೆ ಮಾತಾಡ್ಬೇಕಾ ನಾನು?"

"ಹೂಂ. ನೀನು ಯಾವಾಗ್ಲೂ ಬಾಯಿ ಮುಚ್ಕೊಂಡೇ ಕೊಲ್ತಿದ್ದೆ. ಮಾತಾಡಿದ್ರೆ ಕೈಗೆ ನೆನಪಿರತ್ತೆ."

ಅಪ್ಪ ಫೆರ್ಮೊ ಕಡೆ ನೋಡಿದ. ಫೆರ್ಮೊ ತಾಡಪಾಲಿನ ಕೆಳಗೆ ಹಲ್ಲು ಬಿಡುತ್ತಿದ್ದ. ಅಪ್ಪ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಬಲೆಗೆ ಕೈಹಾಕಿದ. ಮೊದಲ ಹಕ್ಕಿ ಅವನ ಕೈಗೆ ಹೇಗೆ ಬಂತೋ ನನಗೆ ಕಾಣಲೇ ಇಲ್ಲ, ದಾರವೇ ಇಲ್ಲವೇನೋ ಎಂಬ ಹಾಗೆ. ಅವನ ಹೆಬ್ಬೆರಳು ಎದೆಯ ಮೇಲೆ ಹೋಗಿ ಕೂತಿತು. ಅಲ್ಲಿಯೇ ನಿಂತಿತು.

"ಹೋಗು," ಅಂದ ಅಪ್ಪ, ಯಾರಿಗೋ ಸಾಲ ಕೊಟ್ಟ ಧ್ವನಿಯಲ್ಲಿ. ಅಂಗೈ ತೆರೆದ.

"ಹೋಗು."

"ಹೋಗು. ನೀನೂ ಹೋಗು."

"ಹೋಗಮ್ಮಾ ತಾಯಿ, ಕಚ್ಚಬೇಡ. ಹೋಗು."

"ಇವ್ನು ನೋಡು, ಕೊಬ್ಬಿದಾನೆ, ಹಂದಿ ಥರ. ಅಯ್ಯೋ ದೇವ್ರೇ. ಹೋಗು."

ಫೆರ್ಮೊಗೆ ನಗು ತಡೆಯಲಾಗಲಿಲ್ಲ. ತಾಡಪಾಲು ಅಲುಗಿ ಎಲ್ಲರ ಕುತ್ತಿಗೆಗೂ ನೀರು ಸುರಿಯಿತು. "ಪಾದ್ರಿ ಕೂಡ ಇಷ್ಟು ಆಶೀರ್ವಾದ ಮಾಡಲ್ವಲ್ಲೋ ಚೆಲ್ಸೊ!"

"ನೀನು ಬಾಯಿ ಮುಚ್ಚೋ. ಹೋಗು. ನಿಂಗಲ್ಲ ಹೇಳಿದ್ದು, ಹಕ್ಕಿಗೆ. ಹೋಗು."

ನನ್ನ ಕೈ ನನ್ನ ಕೆಲಸ ಮಾಡುತ್ತಿತ್ತು, ಕಿವಿ ಅಪ್ಪನ ಕಡೆಗಿತ್ತು. ಅವನು ನನಗಿಂತ ಎರಡು ಪಟ್ಟು ಬೇಗ ಬಿಡಿಸುತ್ತಿದ್ದ. ಬಲೆ ಖಾಲಿಯಾಗುತ್ತ ಬಂತು. ಕೆಳಗಿನ ಮಡಿಕೆಯಲ್ಲಿ ನನಗೆ ಒಂದು ಹೆಣ್ಣು ಪೆಪ್ಪೊಲಾ ಸಿಕ್ಕಿತು. ಪೂರ್ತಿ ನೆನೆದು, ಕಣ್ಣು ಮುಚ್ಚಿ, ಗರಿಯೆಲ್ಲ ಮೈಗೆ ಅಂಟಿಕೊಂಡಿತ್ತು. ಚೀಲಕ್ಕೆ ಹಾಕಿ ನನ್ನ ಸ್ವೆಟರಿನ ಒಳಗೆ ಹೊಟ್ಟೆಯ ಹತ್ತಿರ ಇಟ್ಟುಕೊಂಡೆ. ಅದು ಒಂದು ತಣ್ಣನೆಯ ಬೆಣಚುಕಲ್ಲಿನಂತಿತ್ತು.

ಆಗಲೇ ಪಕ್ಕದಲ್ಲಿ ಸದ್ದು ನಿಂತಿತು.

ಒಂದು "ಹೋಗು" ಬರಬೇಕಾಗಿತ್ತು. ಬರಲಿಲ್ಲ. ನಾನು ತಿರುಗಿದೆ. ಅಪ್ಪನ ಎರಡೂ ಕೈ ಬಲೆಯಲ್ಲಿದ್ದವು, ಮುಂದಿನ ಹಕ್ಕಿಯ ಮೇಲೆ. ಅವನ ಕಾಲ ಬುಡದಲ್ಲಿ ನೋಡಿದೆ. ಒದ್ದೆ ಎಲೆಗಳು ಮಾತ್ರ ಇದ್ದವು.

"ಅಪ್ಪಾ. ಒಂದಕ್ಕೆ 'ಹೋಗು' ಅನ್ಲಿಲ್ಲ."

"ಅಂದೆ."

"ಅನ್ಲಿಲ್ಲ."

ಅವನ ಕೋಟಿನ ಒಳಜೇಬು ಅಲುಗಿತು. ಅಪ್ಪನೂ ಕೆಳಗೆ ನೋಡಿದ, ಅದು ಇನ್ನೊಬ್ಬರ ಕೋಟು ಎಂಬ ಹಾಗೆ. ಹಿಡಿಯುವ ಕಾಲದಲ್ಲಿ ಗುಂಪಿನ ಅತ್ಯುತ್ತಮ ಗಂಡುಹಕ್ಕಿಯನ್ನು ಕೊಲ್ಲುತ್ತಿರಲಿಲ್ಲ. ಜೇಬಿಗೆ ಹಾಕಿಕೊಂಡು ಮನೆಗೆ ತರುತ್ತಿದ್ದರು, ಪಂಜರದಲ್ಲಿಟ್ಟು ಸಾಕುತ್ತಿದ್ದರು. ಮುಂದಿನ ವರ್ಷ ಅದು ಹಾಡಿ ಬೇರೆ ಗುಂಪುಗಳನ್ನು ಕೆಳಗಿಳಿಸುತ್ತಿತ್ತು. ಆ ಜೇಬಿಗೆ ಅಮ್ಮ ಉಣ್ಣೆಯ ಒಳಪದರ ಹೊಲಿದಿದ್ದಳು.

"ಕೈ ತಾನೇ ಹಾಕ್ಬಿಡ್ತು ಕಣೇ," ಅಂದ. ಸುಳ್ಳು ಹೇಳುವವನ ಮುಖವಲ್ಲ ಅದು. ಹೆದರಿದವನದು.

"ತೆಗಿ."

ಮೆಲ್ಲಗೆ ತೆಗೆದ. ತಲೆ ಕಪ್ಪು, ಎದೆ ಉರಿಯುವ ಕಿತ್ತಳೆ. ನನ್ನ ಹಿಂದೆ ತುಲ್ಲಿಯಾ ಬಂದು ನಿಂತಿದ್ದರು. ಅವರಿಗೆ ಎಲ್ಲ ಕಂಡಿತ್ತು. ಬಚ್ಚಿಡುವಂಥದ್ದೇನೂ ಉಳಿದಿರಲಿಲ್ಲ.

"ಇದು ಒಣಗಿದೆ, ಬೆಚ್ಚಗಿದೆ," ಅಂದೆ. "ಇದೊಂದಕ್ಕೆ ಉಂಗುರ ತೊಡಿಸ್ತೀನಿ."

ಮೇಜಿನ ಬಳಿ ಹೋಗಿ ತೊಡಿಸಿದೆ. ರೆಕ್ಕೆ ಅಳೆದೆ. ಊದಿ ನೋಡಿ ಕೊಬ್ಬು ಐದು ಅಂದೆ. ತುಲ್ಲಿಯಾ ಬರೆದುಕೊಂಡರು. "ಎಲ್ಲಿ ಸಿಕ್ತು ಅಂತ ಬರೀಲಿ?"

"ಜೇಬಲ್ಲಿ," ಅಂದ ಫೆರ್ಮೊ. ಯಾರೂ ಅವನನ್ನು ಕೇಳಿರಲಿಲ್ಲ.

"ಬಲೆಯಲ್ಲಿ," ಅಂದೆ. "ಹೊರಟದ್ದು ಜೇಬಿಂದ."

ಹಕ್ಕಿಯನ್ನು ಅಪ್ಪನ ಅಂಗೈಗಿಟ್ಟೆ. ಅವನ ಬೆರಳುಗಳು ಮುಚ್ಚಿಕೊಂಡವು. ತುಸು ಹೊತ್ತು ಹಾಗೇ ಇದ್ದವು. "ಹೋಗು ಮಾರಾಯ," ಅಂದ. ಅದು ಹೋಯಿತು.

ಹನಿ ನಿಂತಿತು. ಬಲೆ ಖಾಲಿ. ನೆಲದ ಮೇಲೆ ಒಂದೂ ಸತ್ತು ಬಿದ್ದಿರಲಿಲ್ಲ. ತುಲ್ಲಿಯಾ ಓಣಿಯ ಉದ್ದಕ್ಕೂ ನಡೆದು, ಎಲೆಗಳನ್ನು ಬೂಟಿನಿಂದ ಸರಿಸಿ ನೋಡಿ ಬಂದರು. ನನ್ನ ಹೊಟ್ಟೆಯ ಹತ್ತಿರದ ಚೀಲ ಮಾತ್ರ ಅಲುಗಾಡುತ್ತಿರಲಿಲ್ಲ. ಅದರ ವಿಷಯ ಅವರಿಗೆ ಹೇಳಿದೆ.

"ಅದು ಬದುಕಿದ್ರೂ ಈಗ ಸಹಿ ಹಾಕೋಕಾಗಲ್ಲ," ಅಂದರು ತುಲ್ಲಿಯಾ. ಸಿಟ್ಟಿಲ್ಲ. 'ಬಸ್ಸು ಹೋಯಿತು' ಎನ್ನುವ ಹಾಗೆ ಹೇಳಿದರು. "ಬಿಡಿಸಿದ್ದು ಚೆನ್ನಾಗಿತ್ತು. ಉಂಗುರ ಬೇಡ ಅಂದದ್ದೂ ಸರಿ. ಆದ್ರೆ ಅದಕ್ಕೂ ಮುಂಚೆ? ಎಷ್ಟು ಕೂತಾಗ ಎಸೀಬೇಕು ಅಂತ ನಿಮ್ಮ ತಂದೆಗೆ ಹೇಳಿದ್ಯಾ?"

"ಇಲ್ಲ."

"ಯಾಕೆ?"

"ಗೋಪುರದಲ್ಲಿ ಇರೋರಿಗೆ ಯಾರೂ ಹೇಳಲ್ಲ. ನಮ್ಮಲ್ಲಿ ಹಾಗೆ ಪದ್ಧತಿ."

"ಹಾಗಾದ್ರೆ ಪರವಾನಗೀನ ಪದ್ಧತಿ ಹೆಸರಿಗೇ ಕೊಡೋಣ್ವಾ?"

ಅಪ್ಪ ಕೇಳಿಸಿಕೊಂಡ. ಟೋಪಿಯನ್ನು ತಲೆಗೆ ಹಾಕಿಕೊಂಡ. ಗೋಪುರದ ಕಡೆ ನಡೆದ.

"ಬಿಸಿಲು ಬರೋವರೆಗೂ ಇರ್ತೀನಿ," ಅಂದರು ತುಲ್ಲಿಯಾ, ಕುರ್ಚಿಯಲ್ಲಿ ಕೂರುತ್ತ. "ಇನ್ನೊಂದು ಗುಂಪು ಬರ್ಲಿ. ನೋಡೋಣ."

ಫೆರ್ಮೊ ಮೊದಲ ಮರದ ಕಡೆ ನೋಡಿದ. ಈ ಸಲ ಕೈ ಸುತ್ತಲಿಲ್ಲ. ಬರೀ ನೋಡಿದ.

ನಾನು ಗೋಪುರದ ಏಣಿ ಹತ್ತಿದೆ. ಅಪ್ಪ ಒಳಗಿರುವಾಗ ಹತ್ತಿದ್ದು ಅದೇ ಮೊದಲು. ಅವನು ಬೆನ್ನು ತಿರುಗಿಸಿ ಕೂತಿದ್ದ. ಸುತ್ತ ಒಣ ಹುಲ್ಲು, ಗ್ರಾಪ್ಪಾ ಸೀಸೆ, ಒಂದರ ಮೇಲೊಂದು ಒರಗಿಸಿಟ್ಟ ಬೀಸಣಿಗೆಗಳು. ಒಂದು ಸ್ಟೂಲು ಮಾತ್ರ. ನಾನು ನೆಲದ ಮೇಲೆ ಕೂತೆ.

"ಯಾಕೆ ಬಂದೆ?"

"ಹೇಳೋಕೆ."

"ಏನು?"

"ಹದಿನೈದು, ಇಪ್ಪತ್ತು ಕೂತ್ರೆ ಎಸಿ. ಅದಕ್ಕಿಂತ ಹೆಚ್ಚಾದ್ರೆ ಎಸೀಬೇಡ."

ಅಪ್ಪ ಒಂದು ಬೀಸಣಿಗೆ ಎತ್ತಿಕೊಂಡು ಅದರ ಕಡ್ಡಿ ಸರಿಮಾಡಿದ. ಆಮೇಲೆ ಪಿಸುಮಾತಿನಲ್ಲಿ ಕೇಳಿದ: "ಇಪ್ಪತ್ತಕ್ಕೆ ಯಾರಾದ್ರೂ ಬೆಟ್ಟ ಹತ್ತುತ್ತಾರಾ?"

"ನಾವು ಹತ್ತುತ್ತೀವಿ."

"ನಿಮ್ಮಜ್ಜ ಇದ್ದಿದ್ರೆ ನಿನ್ನ ಈ ಕಿಟಕಿಯಿಂದ ಕೆಳಗೆ ತಳ್ತಿದ್ದ."

"ಗೊತ್ತು. ಆಮೇಲೆ ನೀನು ನನ್ನ ಬಲೆಯಿಂದ ಬಿಡಿಸ್ತಿದ್ದೆ."

ಅವನು ನಕ್ಕನೋ ಇಲ್ಲವೋ ಬೆನ್ನಿನಿಂದ ತಿಳಿಯಲಿಲ್ಲ.

ಮಂಜು ಗುಡ್ಡದಿಂದ ಸರಿಯತೊಡಗಿತ್ತು. ಕೆಳಗೆ ತುಲ್ಲಿಯಾ ಗಡಿಯಾರ ನೋಡಲಿಲ್ಲ. ಅದೇ ನನಗೆ ಸಮಾಧಾನ. ಆಮೇಲೆ ಮತ್ತೆ ಆ ಕಿರುಗುಟ್ಟುವ ಸದ್ದು ಬಂತು.

ಮೊದಲಿನದಕ್ಕಿಂತ ದೊಡ್ಡ ಗುಂಪು. ಕಿಟಕಿಯಿಂದ ಅದು ಬೇರೆಯೇ ಕಾಣುತ್ತದೆ. ಕೆಳಗಿನಿಂದ ನೋಡಿದರೆ ಹಕ್ಕಿಗಳು ಬರುತ್ತವೆ. ಮೇಲಿನಿಂದ ನೋಡಿದರೆ ಅವು ನಿನ್ನ ಕೈಯೊಳಗೇ ಇಳಿಯುತ್ತಿರುವಂತೆ ಕಾಣುತ್ತದೆ. ಹತ್ತು ಇಳಿದವು ಎನ್ನುವಷ್ಟರಲ್ಲಿ ಐವತ್ತು. ಹದಿನೈದು, ಇಪ್ಪತ್ತು ಎನ್ನಲು ಸಮಯವೇ ಇರಲಿಲ್ಲ. ಅಪ್ಪನ ಕೈ ಬೀಸಣಿಗೆಯ ಸಮೇತ ಮೇಲೆದ್ದಿತು. ಮಣಿಕಟ್ಟಿನ ನರ ಉಬ್ಬಿತ್ತು. ತುಟಿಗಳು ಸಿಳ್ಳೆಗೆ ಸಿದ್ಧವಾಗಿ ದುಂಡಗಾಗಿದ್ದವು. ಅವನ ಕುತ್ತಿಗೆಯ ಪಕ್ಕದಿಂದ ನನಗೂ ಎಲ್ಲ ಕಾಣುತ್ತಿತ್ತು. ನನ್ನ ಕೈಯೂ ತನ್ನಷ್ಟಕ್ಕೆ ಮುಷ್ಟಿಯಾಗಿತ್ತು. ಎಸಿ ಎನ್ನಬೇಕು ಎನ್ನಿಸಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

"ಬೇಡಪ್ಪ," ಅಂದೆ.

ಕೈ ಇಳಿಯಲಿಲ್ಲ. ಎಸೆಯಲೂ ಇಲ್ಲ.

ಹೊಟ್ಟೆಯ ಹತ್ತಿರ ಏನೋ ಗೀರಿತು. ಚೀಲದೊಳಗಿನ ಹಕ್ಕಿ ಕೆಳಗಿನ ಕೂಗು ಕೇಳಿ ಎಚ್ಚರಗೊಂಡಿತ್ತು. ಒಂದು ಸಲ ಒದ್ದಿತು. ಮತ್ತೆ ಒದ್ದಿತು. ಆಮೇಲೆ ಸ್ವೆಟರಿನೊಳಗಿನಿಂದಲೇ, ಮೂಗಿನಲ್ಲಿ, ಉತ್ತರ ಕೊಟ್ಟಿತು.

ಕೆಳಗಿನ ಗುಂಪು ಹಣ್ಣು ತಿಂದಿತು. ಎಲೆಗಳನ್ನು ಕೆದಕಿತು. ಜಗಳವಾಡಿತು. ಯಾರೂ ಹೆದರಿಸದಿದ್ದರೆ ಅವು ಅಲ್ಲಿ ಏನು ಮಾಡುತ್ತವೆ ಎಂದು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲವೇನೋ. ಅಪ್ಪ ಕೈ ಎತ್ತಿಕೊಂಡೇ ನೋಡಿದ. ಕೊನೆಗೆ ಅವು ತಮಗೆ ತೋಚಿದಾಗ, ಒಂದೇ ಮೈಯಾಗಿ ಎದ್ದು, ಗುಡ್ಡದ ಬೆನ್ನ ಮೇಲೆ ಹೊರಳಿದವು. ನಾನು ಚೀಲ ಬಿಚ್ಚಿ ಕಿಟಕಿಯ ಕಲ್ಲಿನ ಮೇಲೆ ಹಕ್ಕಿಯನ್ನು ಇಟ್ಟೆ. ಒಂದು ಕ್ಷಣ ಗರಿ ಕೊಡವಿಕೊಂಡಿತು. ಗುಂಪಿನ ಹಿಂದೆ ಹಾರಿತು.

"ಕೈ ಇಳಿಸಪ್ಪಾ."

"ಆಗ್ತಿಲ್ಲ. ಮರಗಟ್ಟಿದೆ. ಸ್ವಲ್ಪ ಹಿಡಿ."

ಅವನ ಮೊಣಕೈ ಹಿಡಿದು ಮೆಲ್ಲಗೆ ಇಳಿಸಿದೆ.

ಕೆಳಗೆ ಫೆರ್ಮೊ ತಲೆಯ ಮೇಲೆ ಕೈಹೊತ್ತು ನಿಂತಿದ್ದ. "ಕಣ್ಣೆದುರಿಗೇ ಇಡೀ ಊರಿನ ಪೊಲೆಂತಾ ಹಾರಿಹೋಯ್ತಲ್ಲೋ! ಚೆಲ್ಸೊ, ನಿದ್ದೆ ಹೋಗಿದ್ಯಾ?"

ನಾವು ಇಳಿದು ಬರುವಷ್ಟರಲ್ಲಿ ಬಿಸಿಲು ಓಣಿಯ ತುದಿಗೆ ಬಂದಿತ್ತು. ಬಿಸಿಲು ಬಂದ ಮೇಲೆ ಬಲೆ ಹಕ್ಕಿಗಳ ಕಣ್ಣಿಗೆ ಕಾಣುತ್ತದೆ. ಇನ್ನು ಏನೂ ಬೀಳುವುದಿಲ್ಲ. ತುಲ್ಲಿಯಾ ಕಾಗದವನ್ನು ಮೇಜಿನ ಮೇಲಿಟ್ಟು, ಗಾಳಿಗೆ ಹಾರದಂತೆ ಇಕ್ಕಳ ಹೇರಿ, ಸಹಿ ಹಾಕುತ್ತಿದ್ದರು.

ಫೆರ್ಮೊ ಅವರ ಭುಜದ ಮೇಲಿಂದ ಇಣುಕಿದ. "ಸಿನ್ಯೋರಾ, ಒಂದೂ ಬೀಳ್ಲಿಲ್ವಲ್ಲ. ಖಾಲಿ ಬಲೆಗೆ ಸಹಿನಾ?"

"ಖಾಲಿ ಬಲೆಗೇ," ಅಂದರು ತುಲ್ಲಿಯಾ.

"ಹಾಗಿದ್ರೆ ನಂಗೂ ಒಂದು ಕೊಡಿ. ನಾನೂ ಬೆಳಗ್ಗಿಂದ ಏನೂ ಹಿಡಿದಿಲ್ಲ." ಆಮೇಲೆ ಮರದ ಕಡೆ ತಿರುಗಿ, ಕಾಂಡಕ್ಕೆ ಒಂದು ಏಟು ಕೊಟ್ಟ, ಮಾರದೇ ಮನೆಗೆ ವಾಪಸು ತಂದ ಹಸುವಿಗೆ ಕೊಡುವ ಹಾಗೆ. "ಸರಿ ಬಿಡು. ಈ ವರ್ಷವೂ ಹೊಗೆ ಕುಡೀತೀವಿ."

ಅವನು ಹಸುಗಳನ್ನು ಕೂಗುತ್ತ ಇಳಿಜಾರಿಗೆ ಹೋದ. ನಾನು ಬಲೆಯ ಮೊದಲ ಹಗ್ಗ ಬಿಚ್ಚಿದೆ. ಅಪ್ಪ ಮಾತ್ರ ಮೇಜಿನ ಬಳಿಯೇ ನಿಂತಿದ್ದ, ಎಡಗೈಯಲ್ಲಿ ಬಲಗೈ ತಿಕ್ಕಿಕೊಳ್ಳುತ್ತ, ಕಾಗದವನ್ನು ತಲೆಕೆಳಗಾಗಿ ಓದಲು ನೋಡುತ್ತ.

"ಸಿನ್ಯೋರಾ," ಅಂದ. "ಅದ್ರಲ್ಲಿ ಒಂದು ಮೂಲೇಲಿ ನನ್ನ ಹೆಸರೂ ಬರೀರಿ. ಎಸೀದೆ ಇದ್ದದ್ದು ನಾನು."

ತುಲ್ಲಿಯಾ ಕಾಗದವನ್ನು ಮೇಲಿಂದ ಕೆಳಗೆ ನೋಡಿದರು. "ಅದಕ್ಕೆ ಇದ್ರಲ್ಲಿ ಜಾಗ ಇಲ್ಲ ಚೆಲ್ಸೊ."

"ಹಾಂ," ಅಂದ ಅಪ್ಪ. ಬಂದು ಬಲೆಯ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಸುತ್ತತೊಡಗಿದೆವು.